ನೌಕರಿ ಕಡ ತಂದ ಸಾಮಾನಲ್ಲ

ತಿಕೋಟಾದ ಆ ಒಣದ್ರಾಕ್ಷಿ ಘಟಕದಲ್ಲಿ ಬಸುರಿ ಹೆಂಗಸರು ರಜೆ ಕೇಳುತ್ತಿರಲಿಲ್ಲ. ಕೆಲಸ ಬಿಡುತ್ತಿದ್ದರು. ಕುಬಸದ, ಅಂದರೆ ಸೀಮಂತದ, ದಿನ ಹತ್ತಿರ ಬಂದಾಗ ಗೇಟಿನಲ್ಲಿ ತೋರಿಸುವ ಕಾರ್ಡನ್ನು ಮ್ಯಾನೇಜರ ಕೈಗೆ ಕೊಡುವುದು, ಜೊತೆಯವರಿಗೆಲ್ಲ ಶೇಂಗಾ ಉಂಡಿ ಹಂಚುವುದು, ಕಣ್ಣೊರೆಸಿಕೊಂಡು ಮನೆಗೆ ಹೋಗುವುದು. ಎರಡು ವರ್ಷದಲ್ಲಿ ನಾಲ್ಕು ಮಂದಿ ಹೀಗೆ ಹೋದರು. ಯಾರೂ ತಿರುಗಿ ಬರಲಿಲ್ಲ. ಬರಬಹುದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಐದನೆಯ ಸರದಿ ಸುಧಾರಾಣಿಯದು.

ಸುಧಾರಾಣಿಗೆ ಇಪ್ಪತ್ತನಾಲ್ಕು ವರ್ಷ. ಮೊದಲ ಬಸುರು, ಏಳನೆಯ ತಿಂಗಳು. ತವರು ಸಾರವಾಡ. ಗಂಡನ ಹೆಸರು ಶ್ರೀಮಂತ. ತಿಕೋಟಾದ ದ್ರಾಕ್ಷಿ ತೋಟಗಳಿಗೆ ಟ್ರ್ಯಾಕ್ಟರಿನಿಂದ ಔಷಧಿ ಹೊಡೆಯುತ್ತಾನೆ. ಘಟಕದಲ್ಲಿ ನಲವತ್ತು ಜನ. ಒಣದ್ರಾಕ್ಷಿ ತೊಳೆದು, ಕಡ್ಡಿ ಆರಿಸಿ, ಬಣ್ಣ ನೋಡಿ ಬೇರೆ ಮಾಡಿ ಪೆಟ್ಟಿಗೆಗೆ ತುಂಬುತ್ತಾರೆ. ಪೆಟ್ಟಿಗೆ ಮುಚ್ಚುವ ಮೊದಲು ಕೊನೆಯ ಟೇಬಲ್ಲಿನಲ್ಲಿ ಸುಧಾರಾಣಿ ಕೂರುತ್ತಾಳೆ. ಒಂದು ಹಿಡಿ ದ್ರಾಕ್ಷಿಯನ್ನು ಮುಷ್ಟಿಯಲ್ಲಿ ಅದುಮಿ ಬಿಟ್ಟರೆ ಸಾಕು, ಅದರಲ್ಲಿ ಪಸೆ ಎಷ್ಟಿದೆ ಎಂದು ಹೇಳಿಬಿಡುತ್ತಾಳೆ. ಪಸೆ ಅಳೆಯುವ ಯಂತ್ರವೂ ಅದನ್ನೇ ಹೇಳುತ್ತದೆ, ಸ್ವಲ್ಪ ತಡವಾಗಿ. ಅವಳು ಸರಿ ಅಂದ ಮೇಲೆಯೇ ಲಾರಿ ಹೊರಡುವುದು. ಆ ಕೆಲಸ ಅವಳಿಗೆ ಇಷ್ಟ.

ಅಂದು ಗುರುವಾರ. ತಪಾಸಣೆಗೆಂದು ವಿಜಯಪುರದ ಆಸ್ಪತ್ರೆಗೆ ಬಂದಿದ್ದಳು. ಬರುವಾಗ ಸಿದ್ಧೇಶ್ವರ ಗುಡಿಯ ಹತ್ತಿರದ ಅಂಗಡಿಯಲ್ಲಿ ಹಸಿರು ಬಳೆ ಕೊಂಡಿದ್ದಳು. ಇನ್ನು ಹತ್ತು ದಿನಕ್ಕೆ, ಮುಂದಿನ ಭಾನುವಾರ, ಅವಳ ಕುಬಸ. ಅಂದೇ ಸಂಜೆ ತವರಿನವರು ಅವಳನ್ನು ಕರೆದುಕೊಂಡು ಹೋಗುವವರಿದ್ದರು.

ಆಸ್ಪತ್ರೆಯಲ್ಲಿ ಮುನೀರಾ ಸಿಕ್ಕಳು. ಅವಳು ಅಲ್ಲಿ ನರ್ಸ್. ತಿಕೋಟಾದಲ್ಲಿ ಸುಧಾರಾಣಿಯ ಓಣಿಯವಳೇ. ದಿನಾ ಬಸ್ಸಿನಲ್ಲಿ ಓಡಾಡುತ್ತಾಳೆ.

“ಏ ಸುಧಾ, ಬಳಿ ತೋರ್ಸು. ಯವ್ವಾ, ಎಷ್ಟು ಡಜನ್ ತಗೊಂಡಿಯೇ! ಕುಬಸಕ್ಕೋ, ಅಂಗಡಿ ಇಡಾಕೋ?”

“ಫ್ಯಾಕ್ಟ್ರಿ ಗೆಳತ್ಯಾರಿಗೂ ಬೇಕಲ್ಲಕ್ಕಾ. ಎಲ್ಲಾರೂ ಬರಾವ್ರದಾರ.”

“ಬರ್ಲಿ, ಬರ್ಲಿ. ರಜಾ ಯಾವಾಗಿಂದ ಬರದು ಕೊಟ್ಟೀ?”

ಸುಧಾರಾಣಿ ಬಳೆಯ ಕಾಗದ ಮಡಿಸತೊಡಗಿದಳು. “ಬರದಿಲ್ಲಕ್ಕಾ.”

“ಬರದಿಲ್ಲಾ?”

“ಮೊದಲ ಹೇಳಿದ್ರ ಕಣ್ಣು ತಾಗತೈತಿ ಅಂದ್ರು ಅತ್ತಿ. ಆಮ್ಯಾಲ ಹೊಟ್ಟಿ ಕಂಡು ಎಲ್ಲಾರಿಗೂ ಗೊತ್ತಾತು. ಗೊತ್ತಾದ ಮ್ಯಾಲ ಏನು ಬರಿಯೂದು ಅಂತ...”

“ಹೊಟ್ಟಿ ನೋಡಿ ರಜಾ ಕೊಡಾಕ ನಿಮ್ಮ ಮ್ಯಾನೇಜರು ನಿನ್ನ ಸೋದರಮಾವ ಏನು?”

ಸುಧಾರಾಣಿ ನಕ್ಕಳು. “ಖರೇ ಹೇಳ್ಲೇನಕ್ಕಾ? ಕೇಳಾಕ ಅಂಜಿಕಿ. ಕೇಳಿದ್ರ ‘ನೀನೂ ಬಿಟ್ಟು ಹೋಗು’ ಅಂದ್ರ? ಕೇಳದಿದ್ರ ನೌಕರಿ ಇನ್ನೂ ಐತಿ ಅಂತ ಅನಸ್ತೈತಿ.”

ಮುನೀರಾ ಅವಳ ಕೈ ಹಿಡಿದು ಡಾಕ್ಟರ ಕೋಣೆಗೆ ಕರೆದುಕೊಂಡು ಹೋದಳು. ಹೆರಿಗೆಯ ಅಂದಾಜು ದಿನ ಬರೆದ ಪ್ರಮಾಣಪತ್ರ ಮಾಡಿಸಿಕೊಟ್ಟಳು. “ನಾಳೆ ಮುಂಜಾನೆ ನಿನ್ನ ಮನಿಗೆ ಬರ್ತೀನಿ. ಕುಂತು ಬರಿಯೋಣ. ಅಂಜಬ್ಯಾಡ, ನಾ ಎರಡು ಸಲ ಈ ರಜಾ ತಗೊಂಡಾಕಿ ಅದೀನಿ.”

ಇಬ್ಬರೂ ಒಂದೇ ಬಸ್ಸಿಗೆ ತಿಕೋಟಾಕ್ಕೆ ಬಂದರು. ದಾರಿಯುದ್ದಕ್ಕೂ ಸುಧಾರಾಣಿಯ ಮಾತು ನಿಲ್ಲಲಿಲ್ಲ. ರಜೆ ಹಾಕಿ ಕೂಸಿನ ಜೊತೆ ಇರುವುದು, ಮತ್ತೆ ತನ್ನ ಟೇಬಲ್ಲಿಗೆ ಹೋಗುವುದು. ಎರಡೂ ಒಟ್ಟಿಗೆ ಆಗಬಹುದೆಂದು ಅವಳಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಮನೆಯಲ್ಲಿ ಅತ್ತೆ ರಾಚವ್ವ ಬಾಗಿಲಲ್ಲೇ ಕಾಯುತ್ತಿದ್ದಳು. ಅವಳೂ ಬಹಳ ಖುಷಿಯಲ್ಲಿದ್ದಳು.

ರಾಚವ್ವನ ಮನೆಯಲ್ಲಿ ಒಂದು ಪದ್ಧತಿ ಇದೆ. ಬಸುರಿ ತವರಿಗೆ ಹೊರಡುವ ಮೊದಲು, ಕಡ ತಂದ ಸಾಮಾನು ಒಂದೂ ಮನೆಯಲ್ಲಿ ಉಳಿಯಬಾರದು. ಮಂದಿಯ ವಸ್ತು ಇಟ್ಟುಕೊಂಡರೆ ಹೆರಿಗೆ ಕಷ್ಟವಾಗುತ್ತದೆ ಎಂದು ಅವಳ ಅತ್ತೆ ಅವಳಿಗೆ ಹೇಳಿದ್ದಳು.

“ಬಾರವ್ವಾ ಬಾ. ಇವತ್ತು ಮನಿ ಹಗರಾತು ನೋಡು. ಓಣಿ ಮಂದಿದು ಒಂದು ಸೂಜಿ ಸೈತ ಉಳದಿಲ್ಲ. ಮೂಲಿಮನ್ಯಾರ ಪರಾತ ಕೊಟ್ಟೆ. ಹಿತ್ತಲಮನ್ಯಾರ ಶಾವಿಗಿ ಮಣಿ ಕೊಟ್ಟೆ. ಗೌಡ್ರ ಜರಡಿ ಮೂರು ವರ್ಷದಿಂದ ನಮ್ಮನ್ಯಾಗ ಇತ್ತು, ಅವರು ಮರತೇ ಬಿಟ್ಟಿದ್ರು, ಅದನ್ನೂ ಕೊಟ್ಟೆ.” ರಾಚವ್ವ ಬೆರಳು ಮಡಚುತ್ತ ಹೋದಳು. “ಮತ್ತ ನಿನ್ನ ಫ್ಯಾಕ್ಟ್ರಿವು. ಏಪ್ರನ್ನು, ಟೊಪಗಿ, ಕೊಳ್ಳಾಗ ಹಾಕ್ಕೊಳ್ಳೂ ಆ ಕಾರ್ಡು. ಒಗದು, ಇಸ್ತ್ರಿ ಮಾಡಿಸಿ, ಮ್ಯಾನೇಜರ ಕೈಯಾಗ ಇಟ್ಟು ಬಂದೆ. ಕುಬಸಕ್ಕ ಬರ್ರಿ ಅಂತ ಕರದೂ ಬಂದೆ.”

ಸುಧಾರಾಣಿ ಕಟ್ಟೆಯ ಮೇಲೆ ಕುಳಿತುಬಿಟ್ಟಳು.

“ಯಾಕವಾ? ತಲಿ ತಿರಗತೇನು?”

ಅಷ್ಟರಲ್ಲಿ ಫೋನು ಬಂತು. ಘಟಕದಲ್ಲಿ ಅವಳ ಪಕ್ಕ ಕೂರುವ ಲಲಿತಾ.

“ಹೇಳದ ಕೇಳದ ಬಿಟ್ಟು ಹೊಂಟಿಯಲ್ಲಕ್ಕಾ? ಮ್ಯಾನೇಜರು ಹಾಜರಿ ಪುಸ್ತಕದಾಗ ನಿನ್ನ ಹೆಸರಿನ ಮ್ಯಾಲ ಗೆರಿ ಎಳದಾರ. ನಿನ್ನ ಟೇಬಲ್ಲಿಗೆ ಹೊಸಬಾಕಿನ್ನ ತಗೋತಾರಂತ. ನಾಳೆ ಮುಂಜಾನೆ ಬಂದು ಸಹಿ ಮಾಡ್ತಾಳಂತ ಆಕಿ.”

ನಾಳೆ ಮುಂಜಾನೆ ಎಂದರೆ ಇರುವುದು ಈ ಸಂಜೆ ಮಾತ್ರ. ಗಂಟೆ ನಾಲ್ಕೂವರೆ. ಘಟಕದ ಆಫೀಸು ಆರಕ್ಕೆ ಮುಚ್ಚುತ್ತದೆ. ಸುಧಾರಾಣಿ ಮುನೀರಾಗೆ ಫೋನು ಮಾಡಿದಳು. ಅವಳು ಆಸ್ಪತ್ರೆಯ ಸೀರೆಯನ್ನೂ ಬದಲಿಸದೆ ಬಂದಳು. ಶ್ರೀಮಂತ ಆಗಷ್ಟೇ ತೋಟದಿಂದ ಬಂದು ಕೈಕಾಲು ತೊಳೆಯುತ್ತಿದ್ದ. ಕೆಲಸ ಬಿಡದೆ ಪಗಾರದ ರಜೆ ತೆಗೆದುಕೊಳ್ಳಬಹುದಂತೆ ಎಂದು ಸುಧಾರಾಣಿ ಗಂಡನಿಗೂ ಅತ್ತೆಗೂ ಹೇಳಿದಳು.

“ಹೋದ್ರ ಹೋತು ಬಿಡವಾ,” ರಾಚವ್ವ ಅಂದಳು. “ನಾ ಏನು ತಪ್ಪು ಮಾಡೇನಿ? ಅವರ ಸಾಮಾನು ಅವರಿಗೆ ಕೊಟ್ಟೇನಿ. ಕೂಸು ಬಂದ ಮ್ಯಾಲ ಕೆಲಸ ಎಲ್ಲಿ ಮಾಡಾಕ ಆಗತೈತಿ?”

“ಆಕೀಗೆ ಮನಸೈತಿ ಯವ್ವಾ,” ಶ್ರೀಮಂತ ಅಂದ. ಆಮೇಲೆ ಮುನೀರಾಳ ಕಡೆ ತಿರುಗಿದ. “ಆದ್ರ ಅಕ್ಕಾರ, ತಿಂಗಳಗಟ್ಟಲೆ ಮನ್ಯಾಗ ಕುಂತವರಿಗೆ ಪಗಾರ ಯಾರು ಕೊಡ್ತಾರ್ರಿ? ನಾ ಒಂದಿನ ಟ್ರ್ಯಾಕ್ಟರ್ ಹತ್ತದಿದ್ರ ನಮ್ಮ ಮಾಲಕ ಚಹಾ ಸೈತ ಕೊಡಂಗಿಲ್ಲ.”

“ನೀನೂ ಹಡಿ ತಮ್ಮಾ, ನಿನಗೂ ಕೇಳೋಣ.”

ರಾಚವ್ವ ಕೂಡ ನಕ್ಕುಬಿಟ್ಟಳು. ಮುನೀರಾ ಚಾಪೆಯ ಮೇಲೆ ಕುಳಿತು ನಿಧಾನವಾಗಿ ಹೇಳಿದಳು.

“ಇದು ಯಾರೂ ದಾನ ಕೊಡೂದಲ್ಲ, ಕಾನೂನಿನಾಗ ಐತಿ. ಹತ್ತು ಮಂದಿ, ಇಲ್ಲಾ ಅದಕಿಂತ ಹೆಚ್ಚು ಮಂದಿ ದುಡಿಯೂ ಜಾಗಾ ಇರಬೇಕು. ಹಿಂದಿನ ಒಂದು ವರ್ಷದಾಗ ಎಂಬತ್ತು ದಿನ ಕೆಲಸ ಮಾಡಿರಬೇಕು. ಮೊದಲಿನ ಎರಡು ಮಕ್ಕಳಿಗೆ ಇಪ್ಪತ್ತಾರು ವಾರ ರಜಾ, ಪಗಾರದ ಸಮೇತ. ಹೆರಿಗಿಗೆ ಮೊದಲು ಎಂಟು ವಾರದ ತನಕ ತಗೋಬಹುದು, ಉಳದದ್ದು ಕೂಸು ಬಂದ ಮ್ಯಾಲ. ಆ ರಜಾದಾಗ ಕೆಲಸದಿಂದ ತಗಿಯೂ ಹಂಗಿಲ್ಲ.”

“ಇಪ್ಪತ್ತಾರು ವಾರ ಅಂದ್ರ ಎಷ್ಟಾತು ಬೇ?”

“ಆರು ತಿಂಗಳು ದೊಡ್ಡವ್ವಾ.”

“ಆರು ತಿಂಗಳಾ!” ರಾಚವ್ವ ಕೈ ತಟ್ಟಿದಳು. “ಇವನ್ನ ಹಡದು ಐದು ವಾರಕ್ಕ ನಾ ಕಳೆ ತಗಿಯಾಕ ಹೋಗಿದ್ದೆ. ಬೇವಿನ ಗಿಡಕ್ಕ ಸೀರಿ ಕಟ್ಟಿ ಜೋಲಿ ಮಾಡಿ ಇವನ್ನ ಹಾಕ್ತಿದ್ದೆ. ಇವ ಅಳೂದು ಕೇಳಸ್ತಿತ್ತು. ಎದಿ ಸೋರಿ ಕುಪ್ಪಸ ತೊಯ್ತಿತ್ತು. ಆದ್ರೂ ಹಿಡದ ಸಾಲು ಮುಗಿಯೂ ತನಕ ಏಳಂಗಿದ್ದಿಲ್ಲ...”

ಚೇಷ್ಟೆಗೆ ಶುರು ಮಾಡಿದ ಮಾತು. ಮುಗಿಯುವ ಹೊತ್ತಿಗೆ ದನಿ ತಗ್ಗಿತ್ತು. ಶ್ರೀಮಂತ ತಾಯಿಯ ಮುಖ ನೋಡುತ್ತ ನಿಂತ. ಅವನಿಗೆ ಇದು ಗೊತ್ತಿರಲಿಲ್ಲ.

“ಅವಾಗ ಯಾರರೆ ನಿನಗ,” ಮುನೀರಾ ಮೆಲ್ಲಗೆ ಕೇಳಿದಳು, “‘ರಾಚವ್ವಾ, ಮನ್ಯಾಗಿರು, ನಿನ್ನ ಕೂಲಿ ಮನಿಗೆ ಬರತೈತಿ, ನಿನ್ನ ಸಾಲು ನಿನಗ ಇಟ್ಟಿರ್ತೀವಿ’ ಅಂದಿದ್ರ?”

“ಯಾರಂತಾರ ಬೇ ಹಂಗ?”

“ಈಗ ಅನ್ನಬೇಕಾಗೈತಿ ದೊಡ್ಡವ್ವಾ. ಆದ್ರ ನಾವು ಕೇಳಬೇಕು.”

ರಾಚವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಗಡಿಯಾರ ನೋಡಿದಳು. “ಹಂಗಾರ ಏನು ನೋಡ್ಕೋತ ಕುಂತೀರಿ? ಬರೀರಿ ಲಗೂನ! ಶ್ರೀಮಂತ, ಪೆನ್ನು ತಾರೋ!”

ಅರ್ಜಿ ಉದ್ದವೇನೂ ಇರಲಿಲ್ಲ. ಹೆಸರು, ಕೆಲಸ, ಹೆರಿಗೆಯ ಅಂದಾಜು ದಿನ. ಯಾವ ದಿನದಿಂದ ರಜೆ ಬೇಕು. ರಜೆಯಲ್ಲಿ ಬೇರೆ ಕಡೆ ಕೆಲಸ ಮಾಡುವುದಿಲ್ಲ ಎಂಬ ಒಂದು ಸಾಲು. ರಜೆ ಕುಬಸದ ಮರುದಿನ ಸೋಮವಾರದಿಂದ. ಅಲ್ಲಿಂದ ಹೆರಿಗೆಗೆ ಸರಿಯಾಗಿ ಎಂಟು ವಾರ. ಕುಬಸದವರೆಗೆ ಅವಳು ಕೆಲಸಕ್ಕೆ ಹೋಗುತ್ತಾಳೆ.

“ಇಲ್ಲಿ ಶ್ರೀಮಂತನ ಹೆಸರು ಬರಿ,” ಮುನೀರಾ ಅಂದಳು.

“ನಂದ್ಯಾಕ್ರೀ?”

“ಆಕೀ ಕೈಗೆ ಹಣ ಕೊಡಾಕ ಆಗದಂಗ ಆದ್ರ ಯಾರ ಕೈಗೆ ಕೊಡಬೇಕು ಅಂತ.”

“ಬಿಡ್ತು ಅನ್ನವಾ!” ರಾಚವ್ವ ಬೆಚ್ಚಿದಳು. “ಕುಬಸದ ಮನ್ಯಾಗ ಎಂಥಾ ಮಾತದು?”

ಮುನೀರಾ ಕಾಗದದಿಂದ ತಲೆ ಎತ್ತಲಿಲ್ಲ. “ಬರದ್ರ ಏನೂ ಆಗಂಗಿಲ್ಲ ದೊಡ್ಡವ್ವಾ. ಬರೀದ ಇದ್ದವರ ಮನಿ ನಾ ನೋಡೇನಿ.”

ಸುಧಾರಾಣಿ ಗಂಡನ ಹೆಸರು ಬರೆದಳು. ಎರಡು ಪ್ರತಿ ಮಾಡಿದರು. ಡಾಕ್ಟರ ಪ್ರಮಾಣಪತ್ರದ ಝೆರಾಕ್ಸನ್ನು ದಾರಿಯಲ್ಲಿ ಮಾಡಿಸಿದರು. ನಾಲ್ವರೂ ಒಂದೇ ಆಟೋದಲ್ಲಿ ಘಟಕಕ್ಕೆ ಬಂದಾಗ ಐದು ಗಂಟೆ ನಲವತ್ತು ನಿಮಿಷ.

ಮ್ಯಾನೇಜರ ಹೆಸರು ಶಿವಶರಣಪ್ಪ. ಕೆಟ್ಟ ಮನುಷ್ಯನಲ್ಲ. ಅವನ ಟೇಬಲ್ಲಿನ ಮೇಲೆ ಸುಧಾರಾಣಿಯ ಏಪ್ರನ್ನು ಮಡಿಕೆ ಕೆಡದೆ ಹಾಗೇ ಇತ್ತು.

“ಇಲ್ಲೀತನಕ ಎಲ್ಲಾರೂ ಹಿಂಗ ಹೋಗ್ಯಾರವ್ವಾ,” ಅಂದ. “ಕಾರ್ಡು ಬಂತು ಅಂದ್ರ ಬಿಟ್ರು ಅಂತ ಲೆಕ್ಕ. ನಿಮ್ಮತ್ತಿ ಬಂದು ಕೊಟ್ಟು ಹೋಗ್ಯಾರ. ಹೊಸಬಾಕೀಗೆ ನಾ ಮಾತು ಕೊಟ್ಟೇನಿ.”

“ಕೆಲಸ ಬಿಡ್ತೀನಿ ಅಂತ ಸುಧಾರಾಣಿ ಬರದುಕೊಟ್ಟಾಳೇನ್ರಿ?” ಮುನೀರಾ ಕೇಳಿದಳು.

“ಬರದಿಲ್ಲ. ಆದ್ರ...”

ರಾಚವ್ವ ಮುಂದೆ ಬಂದಳು. “ಮ್ಯಾನೇಜರ್ರ, ನಾ ಕೊಟ್ಟಿದ್ದು ಮೈಮ್ಯಾಲಿನ ಅರಬಿ. ಆಕೀ ನೌಕರಿ ಅಲ್ಲ. ಸೊಸಿ ನೌಕರಿ ಹೊಳ್ಳಿ ಕೊಡಾಕ ನಾ ಯಾರ್ರಿ? ಅದೇನು ಕಡ ತಂದ ಸಾಮಾನೇನು? ಎರಡು ವರ್ಷ ದುಡದು ಗಳಿಸ್ಯಾಳ. ತಪ್ಪು ನಂದೈತಿ. ನನ್ನ ಬೈರಿ. ಆಕೀ ಹೆಸರು ಬರೀರಿ.”

ಶಿವಶರಣಪ್ಪ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. ಸುಧಾರಾಣಿ ಅರ್ಜಿಯನ್ನು ಅವನ ಮುಂದಿಟ್ಟಳು.

“ನನಗ ರಜಾ ಬೇಕ್ರಿ. ಕೂಸು ಆದ ಮ್ಯಾಲ ನಾ ಹೊಳ್ಳಿ ಬರ್ತೀನ್ರಿ.”

ಅಷ್ಟೇ ಮಾತು. ಅದನ್ನು ಹೇಳಲು ಅವಳು ಏಳು ತಿಂಗಳು ತೆಗೆದುಕೊಂಡಿದ್ದಳು.

ಶಿವಶರಣಪ್ಪ ಅರ್ಜಿಯನ್ನು ಎರಡು ಸಲ ಓದಿದ. ವಿಜಯಪುರದಲ್ಲಿದ್ದ ಮಾಲೀಕರಿಗೆ ಫೋನು ಹಚ್ಚಿದ. ವಕೀಲರನ್ನು ಕೇಳಿ ಹೇಳುತ್ತೇನೆ ಎಂದರು ಅವರು. ಕಾಯಬೇಕಾಯಿತು. ಪಾಳಿ ಮುಗಿಸಿದ ಹೆಂಗಸರು ಮನೆಗೆ ಹೋಗಲಿಲ್ಲ. ಒಬ್ಬೊಬ್ಬರಾಗಿ ಆಫೀಸಿನ ಕಿಟಕಿಗೆ ಬಂದು ನಿಂತರು. ಲಲಿತಾ ಒಳಗೇ ಬಂದಳು. ಹೊಟ್ಟೆಯಲ್ಲಿ ಕೂಸು ಒಮ್ಮೆ ಜೋರಾಗಿ ಒದೆಯಿತು. ಸುಧಾರಾಣಿ ಕುರ್ಚಿ ಹಿಡಿದುಕೊಂಡಳು.

ಫೋನು ಬಂತು.

“ಹ್ಞಾಂ ರೀ... ಹೌದ್ರಿ, ನಲವತ್ತು ಮಂದಿ... ಇಲ್ರಿ, ಇ.ಎಸ್.ಐ. ಇಲ್ರಿ... ಎರಡು ವರ್ಷ ಆತ್ರಿ ಆಕಿ ಸೇರಿ... ಆತ್ರಿ. ಆತ್ರಿ.”

ಶಿವಶರಣಪ್ಪ ಫೋನು ಇಟ್ಟ. ಅವನ ಮುಖದಲ್ಲೂ ಆಶ್ಚರ್ಯವಿತ್ತು. “ಐತಂತ್ರಿ! ಕೊಡಬೇಕಂತ. ಪಗಾರ ನಾವ ಕೊಡಬೇಕಂತ. ಹೊಸಬಾಕಿನ್ನ ಬೇರೆ ಕಡೆ ಹಾಕು ಅಂದಾರ.”

ಕಿಟಕಿಯ ಹೊರಗೆ ಒಮ್ಮೆಲೇ ಕೂಗು ಎದ್ದಿತು. ಯಾರೋ ಟೊಪ್ಪಿಗೆ ಮೇಲಕ್ಕೆ ಹಾರಿಸಿದರು. ಲಲಿತಾ ಸುಧಾರಾಣಿಯನ್ನು ತಬ್ಬಿಕೊಳ್ಳಲು ಬಂದು, ಹೊಟ್ಟೆ ಅಡ್ಡ ಬಂದು, ಪಕ್ಕದಿಂದ ತಬ್ಬಿಕೊಂಡಳು. ಶಿವಶರಣಪ್ಪ ಹಾಜರಿ ಪುಸ್ತಕ ತೆಗೆದು ಅವಳ ಹೆಸರನ್ನು ಹೊಸದಾಗಿ ಬರೆದ. ಅರ್ಜಿಯ ಒಂದು ಪ್ರತಿಗೆ ತಾರೀಖು, ಸಹಿ, ಮೊಹರು ಹಾಕಿ ಅವಳಿಗೆ ಕೊಟ್ಟ.

“ಇದನ್ನ ಜೋಪಾನ ಇಡು,” ಮುನೀರಾ ಅಂದಳು. “ಬಾಯಿ ಮಾತು ಮರೀತಾರ.” ಆಮೇಲೆ ಮ್ಯಾನೇಜರ ಕಡೆ ತಿರುಗಿದಳು. “ಆಕಿ ಹೊಳ್ಳಿ ಬಂದ ಮ್ಯಾಲ, ಕೂಸಿಗೆ ಹದಿನೈದು ತಿಂಗಳು ಆಗೂತನಕ ದಿನಕ್ಕ ಎರಡು ಸಲ ಹಾಲು ಕುಡಿಸಾಕ ಬಿಡಬೇಕ್ರಿ.”

“ಅದೂ ಐತೇನ್ರಿ?”

“ಐತ್ರಿ.”

“ಕೂಸಿನ್ನ ನಾ ಹೊತಗೊಂಡು ಬರ್ತೀನ್ರಿ,” ರಾಚವ್ವ ಅಂದಳು. “ಗೇಟಿನ್ಯಾಗ ನನ್ನ ತಡದೀರಿ ಮತ್ತ!”

ಮರುದಿನದಿಂದಲೇ ತಯಾರಿ ಶುರುವಾಯಿತು. ಸುಧಾರಾಣಿಯ ಟೇಬಲ್ಲನ್ನು ರಜೆ ಮುಗಿಯುವವರೆಗೆ ಲಲಿತಾ ನೋಡಿಕೊಳ್ಳುವುದು ಎಂದಾಯಿತು. ಎಂಟು ದಿನ ಲಲಿತಾ ಅವಳ ಪಕ್ಕದಲ್ಲಿ ಕುಳಿತು ದ್ರಾಕ್ಷಿ ಅದುಮಿದಳು. ಮೊದಮೊದಲು ಎಲ್ಲ ತಪ್ಪು. ಐದನೆಯ ದಿನ ಯಂತ್ರಕ್ಕಿಂತ ಮೊದಲು ಲಲಿತಾ ಸರಿಯಾಗಿ ಹೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಸುಧಾರಾಣಿಯೂ ತಟ್ಟಿದಳು. ಆದರೆ ಅಂದು ಸಂಜೆ ಮುನೀರಾಳ ಮನೆಗೆ ಹೋದಾಗ ಅವಳ ಮುಖ ಸಣ್ಣದಾಗಿತ್ತು.

“ಆಕಿ ಕಲತದ್ದು ನನಗ ಖುಷಿ ಆತು. ಆದ್ರ ಯಾಕೋ ಚುಚ್ಚಿತಕ್ಕಾ. ನಾ ಇಲ್ಲದ ಅಲ್ಲಿ ಎಲ್ಲಾ ನಡಿತೈತಿ ಅಂತ.”

“ನಡೀಲಿ ಬಿಡು. ನಡದ್ರ ನೀ ನಿಶ್ಚಿಂತಿಯಿಂದ ಮಲಗ್ತಿ. ನನಗೂ ಹಿಂಗ ಆಗಿತ್ತು. ನನ್ನ ವಾರ್ಡಿಗೆ ಬ್ಯಾರೆ ನರ್ಸ್ ಬಂದಾಗ ದಿನಾ ಫೋನು ಮಾಡಿ ತಪ್ಪು ಹುಡುಕ್ತಿದ್ದೆ. ಆಕಿ ಕಡೀಕ ಫೋನು ಎತ್ತೂದ ಬಿಟ್ಳು!” ಇಬ್ಬರೂ ನಕ್ಕರು. ಆಮೇಲೆ ಮುನೀರಾ ಇನ್ನೊಂದು ಮಾತು ಹೇಳಿದಳು. “ಹಡದ ಮ್ಯಾಲ ಒಂದೊಂದು ದಿನ ಸುಮ್‌ಸುಮ್ನ ಅಳು ಬರತೈತಿ. ಅಂಜಬ್ಯಾಡ. ಮುಚ್ಚಿಡಬ್ಯಾಡ. ನಿಮ್ಮವ್ವಗ ಹೇಳು, ಶ್ರೀಮಂತಗ ಹೇಳು. ಎರಡು ವಾರ ಕಳದ್ರೂ ನಿಲ್ಲದಿದ್ರ, ಇಲ್ಲಾ ಕೂಸಿನ್ನ ನೋಡಾಕೂ ಮನಸ್ಸಾಗದಿದ್ರ, ಡಾಕ್ಟರ ಹತ್ರ ಬಾ. ಅದಕ್ಕೂ ಔಷಧ ಐತಿ.”

ಮನೆಗೆ ಬಂದು ಸುಧಾರಾಣಿ ಹೇಳಿದ್ದನ್ನೆಲ್ಲ ಶ್ರೀಮಂತ ಕೇಳಿಸಿಕೊಂಡ. ತನ್ನ ಫೋನಿನಲ್ಲಿ 108ರ ಜೊತೆಗೆ ಸಾರವಾಡದ ಒಬ್ಬ ಜೀಪಿನವನ ನಂಬರನ್ನೂ ಇಟ್ಟುಕೊಂಡ. ಆಸ್ಪತ್ರೆಯ ತಾಯಿ ಕಾರ್ಡು, ಆಧಾರ್, ಎರಡು ಹಳೆಯ ಮೆತ್ತನೆ ಸೀರೆ ಒಂದು ಚೀಲದಲ್ಲಿ ಹಾಕಿ ಬಾಗಿಲ ಹಿಂದೆ ತೂಗುಹಾಕಿದ. ಹೆರಿಗೆಗೆ ಮೊದಲೇ ಸಾಮಾನು ಕಟ್ಟಬಾರದು ಎಂದು ರಾಚವ್ವ ಬಾಯಿ ತೆರೆದಳು. ಏನನ್ನಿಸಿತೋ, ತಾನೇ ಕೂಸಿನ ಒಂದು ಕುಂಚಿಗೆ ತಂದು ಆ ಚೀಲಕ್ಕೆ ತುರುಕಿದಳು.

ಕುಬಸದ ದಿನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಾರವಾಡದಿಂದ ಒಂದು ಟೆಂಪೋ ತುಂಬ ಜನ. ಘಟಕದಿಂದ ಇಪ್ಪತ್ತು ಹೆಂಗಸರು. ಶಿವಶರಣಪ್ಪನೂ ಹೆಂಡತಿಯನ್ನು ಕರೆದುಕೊಂಡು ಬಂದಿದ್ದ. ಹಾಡು, ನಗು, ಗದ್ದಲ. ಸುಧಾರಾಣಿಯನ್ನು ಮಣೆಯ ಮೇಲೆ ಕೂರಿಸಿ ಇನ್ನೇನು ಆರತಿ ಎತ್ತಬೇಕು, ಅಷ್ಟರಲ್ಲಿ ಅಂಜುಮ ಎಂಬ ಹುಡುಗಿ ರಾಚವ್ವನ ಸೆರಗು ಹಿಡಿದು ಜಗ್ಗಿದಳು. ಘಟಕದಲ್ಲಿ ಕಡ್ಡಿ ಆರಿಸುವವಳು. ಮದುವೆಯಾಗಿ ಒಂದು ವರ್ಷ.

“ದೊಡ್ಡವ್ವಾ, ನನಗೂ ಮೂರು ತಿಂಗಳು. ಇನ್ನೂ ಯಾರಿಗೂ ಹೇಳಿಲ್ಲ.”

ರಾಚವ್ವ ಆರತಿ ತಟ್ಟೆಯನ್ನು ಪಕ್ಕದವಳ ಕೈಗೆ ದಾಟಿಸಿದಳು.

“ಯಾರಿಗೂ ಹೇಳಿಲ್ಲಾ? ಯಾಕ ಹೇಳಿಲ್ಲ? ಕಣ್ಣು ತಾಗತೈತಿ ಅಂತನಾ? ಹುಚ್ಚಿ! ಫ್ಯಾಕ್ಟ್ರಿ ಸೇರಿ ಎಂಬತ್ತು ದಿನ ಆಗ್ಯಾವೇನು ನಿಂದು? ಬಾ ಇಲ್ಲಿ, ಬಾ. ಮ್ಯಾನೇಜರ್ರ, ಎಲ್ಲಿ ಹೊಂಟ್ರಿ? ಊಟಕ್ಕ ಆಮ್ಯಾಲ ಕುಂದ್ರುವಂತ್ರಿ. ಶ್ರೀಮಂತ, ಒಂದು ಹಾಳಿ ತಾರೋ!”

ಮಣೆಯ ಮೇಲೆ ಕುಳಿತ ಸುಧಾರಾಣಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಕೂಸು ಬಂದ ಮೇಲೆ ಕೆಲಸ ಬಿಡಬೇಕು ಅನಿಸಿದರೆ ಬಿಡಿ. ಅದು ನಿಮ್ಮ ಇಷ್ಟ. ಗೊತ್ತಿಲ್ಲದೆ ಮಾತ್ರ ಬಿಡಬೇಡಿ. ನೀವು ದುಡಿಯುವ ಜಾಗದಲ್ಲಿ ಹತ್ತು ಅಥವಾ ಹೆಚ್ಚು ಜನರಿದ್ದು, ಹಿಂದಿನ ಒಂದು ವರ್ಷದಲ್ಲಿ ಎಂಬತ್ತು ದಿನ ದುಡಿದಿದ್ದರೆ ರಜೆ ನಿಮ್ಮದು. ಡಾಕ್ಟರ ಪ್ರಮಾಣಪತ್ರದ ಜೊತೆ ಅರ್ಜಿ ಬರೆದು ಕೊಡಿ, ಸಹಿ ಹಾಕಿಸಿಕೊಂಡ ಪ್ರತಿ ಮನೆಯಲ್ಲಿರಲಿ. ಪಗಾರದಲ್ಲಿ ಇ.ಎಸ್.ಐ. ವಿಮೆ ಕಡಿಯುತ್ತಿದ್ದರೆ ರಜೆಯ ಹಣ ಅಲ್ಲಿಂದ ಬರುತ್ತದೆ, ಅದರ ನಿಯಮವನ್ನು ಅವರ ಕಚೇರಿಯಲ್ಲಿ ಕೇಳಿ. ಮೂರನೆಯ ಮಗುವಿಗೆ ರಜೆ ಹನ್ನೆರಡು ವಾರ. ಯಾರಾದರೂ ಇಲ್ಲ ಎಂದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ಹೊಲದಲ್ಲಿ ಕೂಲಿ ಮಾಡುವವರು ಮಾತೃ ವಂದನಾ ಯೋಜನೆಯ ಬಗ್ಗೆ ಅಂಗನವಾಡಿಯಲ್ಲಿ ವಿಚಾರಿಸಿ. ಅತ್ತೆಯಂದಿರೇ, ಗಂಡಂದಿರೇ, ಅರ್ಜಿ ಕೊಡಲು ಅವಳ ಜೊತೆ ನೀವೂ ಹೋಗಿ. ಒಬ್ಬಳೇ ಹೋಗಿ ಕೇಳುವುದು ಕಷ್ಟ.

ಇದನ್ನು ಮಹಿಳಾ ಸಂಘದಲ್ಲಿ ಕೂತು ಓದುತ್ತಿದ್ದರೆ ಓದುವುದನ್ನು ಇಲ್ಲಿಗೆ ನಿಲ್ಲಿಸಿ. ಸುತ್ತ ಒಮ್ಮೆ ನೋಡಿ. ನಿಮ್ಮಲ್ಲಿ ಯಾರೋ ಒಬ್ಬಳು ತಾನು ಬಸುರಿ ಎಂದು ಇನ್ನೂ ಯಾರಿಗೂ ಹೇಳಿರಲಿಕ್ಕಿಲ್ಲ. ಅವಳನ್ನು ಕೇಳಿ.